ತಿನ್ನುವ ಗಾಂಜಾ: ಭಂಗಿಯಿಂದ ಎಣ್ಣೆಯವರೆಗೆ

ಗಾಂಜಾ ಗಿಡದ ಸೊಪ್ಪನ್ನೋ ಹೂವನ್ನೋ ಅಂಟನ್ನೋ ಹಾಲು, ತುಪ್ಪ, ಸಕ್ಕರೆಗಳ ಜೊತೆ ಸೇರಿಸಿ ತಿನ್ನುವ, ಕುಡಿಯುವ ರೂಢಿ ಭಾರತದಲ್ಲಿ ಹಳೆಯದು. ಭಂಗಿಯ ಪಾನಕ, ಹೋಳಿ ಹುಣ್ಣಿಮೆಯ ಥಂಡಾಯಿ, ಮಾಜೂಮು ಎಂಬ ಮಿಠಾಯಿ, ಆಯುರ್ವೇದದ ಕೆಲವು ಮೋದಕ ಮತ್ತು ಚೂರ್ಣಗಳು ಈ ಬಳಗಕ್ಕೆ ಸೇರಿದವು. ಗಿಡದ ಅಂಟನ್ನಷ್ಟೇ ಬೇರ್ಪಡಿಸಿ ಗಟ್ಟಿ ಮಾಡಿದ ಎಣ್ಣೆಯಿಂದ ತಯಾರಾಗುವ ಚಾಕೊಲೇಟ್, ಬ್ರೌನಿ, ಜೆಲ್ಲಿಗಳು ಈಚೆಗೆ ಅದೇ ಸಾಲಿನಲ್ಲಿ ಬಂದು ಕುಳಿತಿವೆ. ಹೊಸದನ್ನು ಮಾರುವವರು ಹಳೆಯದರ ಹೆಸರು ಹೇಳುತ್ತಾರೆ: ‘ಶಿವರಾತ್ರಿಗೆ ನಮ್ಮ ಹಿರಿಯರೂ ತಗೊಳ್ತಿದ್ದರಲ್ಲ’ ಎಂಬ ಮಾತು ಅವರ ಬಾಯಲ್ಲಿ ಸಿದ್ಧವಿರುತ್ತದೆ. ಹಿರಿಯರು ತಗೊಂಡದ್ದು ಸೊಪ್ಪು; ಇವರು ಕೊಡುತ್ತಿರುವುದು ಅಂಟಿನ ಸಾರ. ಇವೆರಡರ ನಡುವೆ ಕಬ್ಬಿನ ಹಾಲಿಗೂ ಸಕ್ಕರೆ ಕಾರ್ಖಾನೆಯ ಸ್ಪಿರಿಟ್ಟಿಗೂ ಇರುವಷ್ಟು ದೂರವಿದೆ. ಬೆಳಗಾವಿ ಜಿಲ್ಲೆಯ ಗಡಿ ಭಾಗದ ತಾಲೂಕುಗಳಾದ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡಗಳನ್ನು ಮುಂದಿಟ್ಟುಕೊಂಡು, ಈ ತಿನಿಸುಗಳ ಚರಿತ್ರೆ, ದೇಹದ ಮೇಲೆ ಅವುಗಳ ಪರಿಣಾಮ ಮತ್ತು ಕಾನೂನಿನಲ್ಲಿ ಅವುಗಳ ಸ್ಥಾನವನ್ನು ಈ ಲೇಖನ ಪರಿಚಯಿಸುತ್ತದೆ.

ನೆಲ ಮತ್ತು ಬೆಳೆ

ಐದೂ ತಾಲೂಕುಗಳು ಜಿಲ್ಲೆಯ ಉತ್ತರ ಭಾಗದಲ್ಲಿವೆ. ಗಡಿ ದಾಟಿದರೆ ಮಹಾರಾಷ್ಟ್ರದ ಕೊಲ್ಹಾಪುರ ಮತ್ತು ಸಾಂಗ್ಲಿ ಜಿಲ್ಲೆಗಳು. ಹಿಂದೆ ಚಿಕ್ಕೋಡಿಗೆ ಸೇರಿದ್ದ ನಿಪ್ಪಾಣಿಯೂ ಅಥಣಿಗೆ ಸೇರಿದ್ದ ಕಾಗವಾಡವೂ ಈಚಿನ ವರ್ಷಗಳಲ್ಲಿ ಪ್ರತ್ಯೇಕ ತಾಲೂಕುಗಳಾದವು. ಕೃಷ್ಣೆ, ದೂಧಗಂಗಾ, ವೇದಗಂಗಾ ನದಿಗಳ ನೀರು ಸಿಗುವ ಕಡೆಯೆಲ್ಲ ಕಬ್ಬು. ಉಗಾರದ ಸಕ್ಕರೆ ಕಾರ್ಖಾನೆಯ ಕಂಪನಿ 1939ರಷ್ಟು ಹಳೆಯದು. ಪುಣೆ–ಬೆಂಗಳೂರು ಹೆದ್ದಾರಿ ನಿಪ್ಪಾಣಿಯನ್ನು ಹಾದು ಹೋಗುತ್ತದೆ. ಮಿರಜದಿಂದ ಹೊರಟ ರೈಲು ಉಗಾರ, ಕುಡಚಿ, ಚಿಂಚಲಿ, ರಾಯಬಾಗಗಳ ಮೇಲೆ ಬೆಳಗಾವಿಗೆ ಬರುತ್ತದೆ. ಸಂತೆಯಲ್ಲಿ ಕನ್ನಡವೂ ಮರಾಠಿಯೂ ಒಂದೇ ಉಸಿರಿನಲ್ಲಿ ನಡೆಯುವ ನಾಡು ಇದು. ಸರಕಿಗೂ ಹಾಗೆಯೇ, ಗಡಿಯೆಂಬುದು ನಕಾಶೆಯ ಮೇಲಿನ ಗೆರೆ ಮಾತ್ರ.

ಅಮಲಿನ ಬೆಳೆಯೆಂದರೆ ಇಲ್ಲಿ ಮೊದಲು ನೆನಪಾಗಬೇಕಾದದ್ದು ಗಾಂಜಾ ಅಲ್ಲ, ತಂಬಾಕು. ನಿಪ್ಪಾಣಿ ಬೀಡಿ ತಂಬಾಕಿನ ದೊಡ್ಡ ಪೇಟೆ. 1981ರಲ್ಲಿ ತಂಬಾಕಿಗೆ ನ್ಯಾಯವಾದ ಬೆಲೆ ಕೇಳಿ ರೈತರು ಹೆದ್ದಾರಿಯ ಮೇಲೆ ಕುಳಿತರು. ಶರದ ಜೋಶಿಯವರ ಮುಂದಾಳತನದ ಆ ಚಳವಳಿ ಏಪ್ರಿಲ್‌ನಲ್ಲಿ ಗೋಲಿಬಾರಿನಲ್ಲಿ ಮುಗಿಯಿತು. ರೈತರು ಪ್ರಾಣ ಕಳೆದುಕೊಂಡರು. ಆ ತಂಬಾಕು ಸುಂಕ ಕಟ್ಟಿ ರಾಜಾರೋಷವಾಗಿ ಮಾರಾಟವಾಗುವ ಸರಕು. ಗಾಂಜಾ ಕದ್ದು ಬೆಳೆಯುವ ಸರಕು. ತಿಂಗಳುಗಟ್ಟಲೆ ಆಳೆತ್ತರಕ್ಕೂ ಮೀರಿ ನಿಲ್ಲುವ ಕಬ್ಬು ಅದಕ್ಕೆ ಒಳ್ಳೆಯ ಮರೆ. ಕಬ್ಬು, ಅರಿಷಿಣ, ಗೋವಿನಜೋಳದ ಸಾಲುಗಳ ನಡುವೆ ಬೆಳೆದ ಗಾಂಜಾ ಗಿಡಗಳನ್ನು ಅಬಕಾರಿಯವರೋ ಪೊಲೀಸರೋ ಕಿತ್ತ ಸುದ್ದಿ ಬೆಳಗಾವಿ ಜಿಲ್ಲೆಯ ಪತ್ರಿಕೆಗಳ ಓದುಗರಿಗೆ ಹೊಸದಲ್ಲ. 1985ರ ಮಾದಕ ದ್ರವ್ಯ ಕಾಯ್ದೆಯ 20ನೆಯ ಕಲಮಿನಂತೆ ಗಿಡ ಬೆಳೆಸುವುದೊಂದಕ್ಕೇ 10 ವರ್ಷದವರೆಗೆ ಕಠಿಣ ಸಜೆ, 1 ಲಕ್ಷ ರೂಪಾಯಿವರೆಗೆ ದಂಡವಿದೆ. ಲಾವಣಿಗೆ ಹೊಲ ಕೊಟ್ಟವರಿಗೆ ಸಾಮಾನ್ಯವಾಗಿ ತಿಳಿಯದ ಇನ್ನೊಂದು ಕಲಮು 46ನೆಯದು: ತನ್ನ ಭೂಮಿಯಲ್ಲಿ ಗಾಂಜಾ ಬೆಳೆದದ್ದು ಗೊತ್ತಿದ್ದೂ ಸುದ್ದಿ ಮುಟ್ಟಿಸದ ಭೂಮಾಲೀಕನೂ ಶಿಕ್ಷೆಗೆ ಗುರಿ. 47ನೆಯ ಕಲಮು ಊರಿನ ಅಧಿಕಾರಿಗಳಿಗೂ ಪಂಚರಿಗೂ ಇಂಥದೇ ಹೊಣೆ ಹೊರಿಸಿದೆ.

ಸೊಪ್ಪು, ಹೂ, ಅಂಟು

ಒಂದೇ ಗಿಡದಿಂದ ಮೂರು ಬಗೆಯ ಪದಾರ್ಥ ಬರುತ್ತದೆ. ಎಲೆಯಿಂದ ಆಗುವುದು ಭಂಗಿ. ಹೆಣ್ಣು ಗಿಡದ ಹೂಗೊಂಚಲು ಗಾಂಜಾ. ಹೂವಿನ ಮೇಲೆ ಒಸರುವ ಅಂಟನ್ನು ತಿಕ್ಕಿ ತೆಗೆದರೆ ಚರಸ್. ಅಮಲೇರಿಸುವ ಮುಖ್ಯ ರಾಸಾಯನಿಕವಾದ ಟಿಎಚ್‌ಸಿ ಎಲೆಯಲ್ಲಿ ಕಡಿಮೆ, ಹೂವಿನಲ್ಲಿ ಹೆಚ್ಚು, ಅಂಟಿನಲ್ಲಿ ಇನ್ನೂ ಹೆಚ್ಚು. ಇದನ್ನು ಶುದ್ಧರೂಪದಲ್ಲಿ ಬೇರ್ಪಡಿಸಿ ಅದರ ರಚನೆಯನ್ನು ತಿಳಿಸಿದವರು ಇಸ್ರೇಲಿನ ರಫಾಯೆಲ್ ಮೆಶೂಲಮ್ ಮತ್ತು ಯೆಹಿಯೆಲ್ ಗಾವೊನಿ, 1964ರಲ್ಲಿ. 

ಈ ರಾಸಾಯನಿಕ ನೀರಿನಲ್ಲಿ ಕರಗುವುದಿಲ್ಲ, ಜಿಡ್ಡಿನಲ್ಲಿ ಕರಗುತ್ತದೆ. ಹಸಿ ಗಿಡದಲ್ಲಿ ಅದು ಅಮಲೇರಿಸದ ಆಮ್ಲರೂಪದಲ್ಲಿದ್ದು, ಕಾವು ತಾಗಿದಾಗ ಬದಲಾಗುತ್ತದೆ. ಹೆಚ್ಚಿನ ಹಳೆಯ ಪಾಕಗಳಲ್ಲಿ ಹಾಲು, ಬೆಣ್ಣೆ, ತುಪ್ಪ, ಬಾದಾಮಿಗಳಲ್ಲಿ ಒಂದಾದರೂ ಇರುವುದರ ಕಾರಣ ಇದೇ. ರಸಾಯನಶಾಸ್ತ್ರ ಗೊತ್ತಿಲ್ಲದ ಅಡುಗೆಯವರು ನೂರಾರು ವರ್ಷಗಳ ಹಿಂದೆಯೇ ಈ ಗುಟ್ಟು ಹಿಡಿದಿದ್ದರು.

ಗೋವೆಯ ವೈದ್ಯ ಕಂಡದ್ದು

ತಿನ್ನುವ ಭಂಗಿಯ ಬಗ್ಗೆ ಈ ನಾಡಿಗೆ ಸಮೀಪದ ಹೆಸರಾಂತ ಹಳೆಯ ಬರಹ ಗೋವೆಯದು. ಪೋರ್ಚುಗೀಸ್ ವೈದ್ಯ ಗಾರ್ಸಿಯಾ ದ ಒರ್ತಾ 1563ರಲ್ಲಿ ಗೋವೆಯಲ್ಲೇ ಅಚ್ಚು ಹಾಕಿಸಿದ ಔಷಧ ದ್ರವ್ಯಗಳ ಸಂವಾದ ಗ್ರಂಥದಲ್ಲಿ ಭಂಗಿಗೆ ಒಂದು ಅಧ್ಯಾಯ ಮೀಸಲಿಟ್ಟಿದ್ದಾನೆ. ಅಹಮದನಗರದ ನಿಜಾಮಶಾಹಿ ಅರಸನಿಗೂ ಚಿಕಿತ್ಸೆ ಮಾಡಿದ್ದ ಈತನಿಗೆ ದಖ್ಖನಿನ ದರ್ಬಾರುಗಳ ಪರಿಚಯ ಚೆನ್ನಾಗಿತ್ತು. ಒಣಗಿಸಿ ಕುಟ್ಟಿದ ಸೊಪ್ಪಿಗೆ ಅಡಿಕೆ, ಸಕ್ಕರೆ, ಸಾಂಬಾರ ಪದಾರ್ಥಗಳನ್ನು ಕೂಡಿಸಿ ತಿನ್ನುವುದನ್ನು ಅವನು ಬರೆದಿದ್ದಾನೆ, ಮಾಜೂಮನ್ನೂ ಹೆಸರಿಸಿದ್ದಾನೆ. ಗುಜರಾತಿನ ಸುಲ್ತಾನ ಬಹಾದ್ದೂರ ಶಾಹನ ಕತೆ ಆ ಅಧ್ಯಾಯದ ಸ್ವಾರಸ್ಯ. ರಾತ್ರಿ ಪೋರ್ಚುಗಲ್, ಬ್ರೆಜಿಲ್, ತುರ್ಕಿ, ಅರಬಸ್ತಾನ, ಪರ್ಷಿಯಾಗಳಿಗೆ ಹೋಗಬೇಕೆನಿಸಿದರೆ ತಾನು ಸ್ವಲ್ಪ ಭಂಗಿ ತಿಂದರಾಯಿತು ಎಂದು ಆ ಸುಲ್ತಾನ ಪೋರ್ಚುಗೀಸ್ ಅಧಿಕಾರಿಗೆ ಹೇಳಿದ್ದನಂತೆ. ಒರ್ತಾ ಹೆದರಿಸಲೂ ಇಲ್ಲ, ಹೊಗಳಲೂ ಇಲ್ಲ. ಕಂಡದ್ದನ್ನು ವೈದ್ಯನಂತೆ ಬರೆದಿಟ್ಟ. ಈ ವಿಷಯದಲ್ಲಿ ಆಮೇಲೆ ಬರೆದ ಎಷ್ಟೋ ಜನರಿಗೆ ಆ ಸಮಚಿತ್ತ ಬರಲಿಲ್ಲ.

ಮಾಜೂಮಿನ ತಯಾರಿಕೆಯನ್ನು ವೈಜ್ಞಾನಿಕ ಪ್ರಬಂಧವೊಂದರಲ್ಲಿ ಬಣ್ಣಿಸಿದವನು ಕಲ್ಕತ್ತೆಯ ವೈದ್ಯಕೀಯ ಕಾಲೇಜಿನ ವಿಲಿಯಂ ಓಶೊನೆಸಿ. 1839ರಲ್ಲಿ ಓದಿದ ಪ್ರಬಂಧದಲ್ಲಿ ಅವನು ಬೆಣ್ಣೆಯ ಮೂಲಕ ಗಿಡದ ಸಾರ ಇಳಿಸಿಕೊಂಡು ಹಾಲು ಸಕ್ಕರೆಯ ಪಾಕದಲ್ಲಿ ಸೇರಿಸಿ ಬಿಲ್ಲೆ ಕತ್ತರಿಸುವುದನ್ನು ವಿವರಿಸಿದ್ದಾನೆ. ಅದೇ ಪ್ರಬಂಧ ಗಾಂಜಾವನ್ನು ಯುರೋಪಿನ ಔಷಧದಂಗಡಿಗೆ ಪರಿಚಯಿಸಿತು. ಧನುರ್ವಾಯು, ಸಂಧಿವಾತ, ಮಕ್ಕಳ ಸೆಳವುಗಳ ರೋಗಿಗಳಿಗೆ ಅವನು ಅಂಟಿನ ಸಾರವನ್ನು ಕೊಟ್ಟು ನೋಡಿದ. ಅದಕ್ಕೂ ಮೊದಲು ಪ್ರಾಣಿಗಳ ಮೇಲೆ ಪ್ರಯೋಗ ಮಾಡಿದ್ದ. ಸಾರ ತೆಗೆದ ಗಾಂಜಾ ಯುರೋಪಿನ ವೈದ್ಯಕೀಯವನ್ನು ಪ್ರವೇಶಿಸಿದ್ದು ಹೀಗೆ, ವೈದ್ಯನ ಕೈಯಿಂದ ಮತ್ತು ಅಳತೆಯ ಚಮಚದಿಂದ.

ಆಯುರ್ವೇದದಲ್ಲಿ ಈ ಗಿಡಕ್ಕೆ ವಿಜಯಾ ಎಂಬ ಹೆಸರುಂಟು. ಶಾರ್ಙ್ಗಧರ ಸಂಹಿತೆ ಇದನ್ನು ಜೀರ್ಣವಾಗುವ ಮೊದಲೇ ಮೈಯೆಲ್ಲ ಹಬ್ಬುವ ದ್ರವ್ಯಗಳಿಗೆ ಉದಾಹರಣೆಯಾಗಿ ಕೊಡುತ್ತದೆ. ಜಾತೀಫಲಾದಿ ಚೂರ್ಣದಂಥ ಯೋಗಗಳಲ್ಲಿ ಶೋಧಿಸಿದ ಭಂಗಿ ಸೇರುತ್ತದೆ. ಇಂದಿನ ಔಷಧ ಮತ್ತು ಸೌಂದರ್ಯವರ್ಧಕ ನಿಯಮಗಳು ಅದನ್ನು ‘ಇ-1’ ಎಂಬ ವಿಷದ್ರವ್ಯಗಳ ಪಟ್ಟಿಯಲ್ಲಿಟ್ಟಿವೆ. ಅದಿರುವ ಔಷಧದ ಚೀಟಿಯ ಮೇಲೆ ವೈದ್ಯರ ಉಸ್ತುವಾರಿಯಲ್ಲಷ್ಟೇ ತೆಗೆದುಕೊಳ್ಳಬೇಕೆಂಬ ಎಚ್ಚರಿಕೆ ಅಚ್ಚಾಗಿರಬೇಕು. ‘ಆಯುರ್ವೇದಿಕ್ ಅಂದ್ರ ಏನೂ ಆಗಂಗಿಲ್ಲ’ ಎಂಬ ನಂಬಿಕೆಯನ್ನು ಆಯುರ್ವೇದವೇ ಒಪ್ಪುವುದಿಲ್ಲ.

ಚಿಲುಮೆಯ ಬಳಗ

ಉತ್ತರ ಕರ್ನಾಟಕದಲ್ಲಿ ಗಾಂಜಾ ಎಂದರೆ ಜನರ ಕಣ್ಣ ಮುಂದೆ ಬರುವುದು ತಾಟಿನಲ್ಲಿಟ್ಟ ತಿನಿಸಲ್ಲ, ಕೈಯಲ್ಲಿ ಹಿಡಿದ ಚಿಲುಮೆ. ಸಾಧು, ಅವಧೂತ, ಆರೂಢ ಪರಂಪರೆಗಳ ಕೆಲವು ಬಳಗಗಳಲ್ಲಿ ಅದು ಧ್ಯಾನದ ನೆರವು. ಇದಕ್ಕೆ ಹೆಚ್ಚು ಪ್ರಸಿದ್ಧವಾದ ಸ್ಥಳ ಈ ತಾಲೂಕುಗಳಲ್ಲಿಲ್ಲ. ಇದೇ ಕೃಷ್ಣೆಯ ಹರಿವಿನಲ್ಲಿ ಬಹಳ ಕೆಳಗೆ, ಯಾದಗಿರಿ ಜಿಲ್ಲೆಯ ತಿಂಥಣಿಯಲ್ಲಿದೆ. ಅಲ್ಲಿನ ಮೌನೇಶ್ವರ ಜಾತ್ರೆಯಲ್ಲಿ ಗಾಂಜಾ ಪ್ರಸಾದವಾಗಿ ಸಿಗುತ್ತದೆಂದು ಪತ್ರಿಕೆಗಳು ಬರೆದಿವೆ. ಅದನ್ನು ಕೆಲವರು ಸೇದುತ್ತಾರೆ, ಕೆಲವರು ನೀರಲ್ಲಿ ಹಾಕಿ ಕುಡಿಯುತ್ತಾರೆ. ತತ್ವಪದಕಾರರಿಗೂ ಈ ಸಾಮಗ್ರಿ ಒದಗಿದೆ. ಶಿಶುನಾಳ ಶರೀಫರು ದೇಹವನ್ನೇ ಗುಡುಗುಡಿಯಾಗಿ ಕಾಣಿಸಿ ಹಾಡಿದ್ದಾರೆ. ಅಲ್ಲಿ ಸುಡಬೇಕಾದದ್ದು ಮನಸ್ಸಿನ ಮಾಲಿನ್ಯ, ಸೊಪ್ಪಲ್ಲ ಎಂಬುದನ್ನು ಹಾಡು ಕೇಳಿದ ಎಲ್ಲರೂ ಗಮನಿಸುವುದಿಲ್ಲ.

ಈ ಪರಂಪರೆಯನ್ನು ಎತ್ತಿ ಹಿಡಿದು ಗಾಂಜಾಕ್ಕೆ ಧರ್ಮದ ಮುದ್ರೆ ಒತ್ತುವವರು ಒಂದು ಮಾತು ಬಿಟ್ಟುಬಿಡುತ್ತಾರೆ. ಆ ಬಳಗಗಳಲ್ಲಿ ಸೇದುವುದಕ್ಕೆ ಹೊತ್ತು, ಜಾಗ, ಗುರು, ಸರದಿ ಎಲ್ಲವೂ ಇದ್ದವು. ಪಕ್ಕದಲ್ಲಿ ಕುಳಿತವನು ‘ಸಾಕು’ ಎನ್ನಬಲ್ಲವನಾಗಿದ್ದ. ಪಾರ್ಸಲಿನಲ್ಲಿ ಬಂದ ಚಾಕೊಲೇಟಿಗೆ ಅಂಥ ಪಕ್ಕದವನು ಇಲ್ಲ.

ಆಯೋಗದಿಂದ ಕಾಯ್ದೆಯವರೆಗೆ

ಬ್ರಿಟಿಷರ ಕಾಲದಲ್ಲಿ ಬೆಳಗಾವಿ ಮುಂಬಯಿ ಇಲಾಖೆಯ ಜಿಲ್ಲೆ. 1878ರ ಮುಂಬಯಿ ಅಬಕಾರಿ ಕಾಯ್ದೆಯ ಅಡಿಯಲ್ಲಿ ಭಂಗಿ, ಗಾಂಜಾಗಳನ್ನು ಪರವಾನಗಿ ಪಡೆದ ಅಂಗಡಿಗಳು ಮಾರುತ್ತಿದ್ದವು; ಸರಕಾರಕ್ಕೆ ಸುಂಕ ಬರುತ್ತಿತ್ತು. ಗಾಂಜಾ ಸೇದಿದವರಿಂದಲೇ ಭಾರತದ ಹುಚ್ಚಾಸ್ಪತ್ರೆಗಳು ತುಂಬಿವೆ ಎಂಬ ಕೂಗು ಲಂಡನ್ನಿನಲ್ಲಿ ಎದ್ದಾಗ, 1893ರಲ್ಲಿ ಮ್ಯಾಕ್‌ವರ್ತ್ ಯಂಗ್ ಅಧ್ಯಕ್ಷತೆಯಲ್ಲಿ ಭಾರತೀಯ ಗಾಂಜಾ ಆಯೋಗ ನೇಮಕವಾಯಿತು. ಏಳು ಸದಸ್ಯರಲ್ಲಿ ಮೂವರು ಭಾರತೀಯರು. ಸಾಕ್ಷಿ ನುಡಿದವರು 1,193 ಮಂದಿ.

ಆಯೋಗ ಮಾಡಿದ ದೊಡ್ಡ ಕೆಲಸವೆಂದರೆ ಆಸ್ಪತ್ರೆಗಳ ದಾಖಲೆ ಪುಸ್ತಕವನ್ನು ನಂಬದೇ ಹೋದದ್ದು. 1892ರಲ್ಲಿ ಬ್ರಿಟಿಷ್ ಭಾರತದ ಹುಚ್ಚಾಸ್ಪತ್ರೆಗಳಿಗೆ ಸೇರಿದ 1,344 ರೋಗಿಗಳಲ್ಲಿ 222 ಮಂದಿಯ ಹೆಸರಿನ ಮುಂದೆ ಕಾರಣ ‘ಗಾಂಜಾ’ ಎಂದು ಬರೆದಿತ್ತು. ಒಬ್ಬೊಬ್ಬರ ಹಿನ್ನೆಲೆಯನ್ನೂ ಕೆದಕಿ ನೋಡಿದಾಗ ಆ ಮಾತಿಗೆ ಆಧಾರವಿದ್ದದ್ದು 98 ಪ್ರಕರಣಗಳಿಗೆ. ಅವುಗಳಲ್ಲಿ ಗಾಂಜಾವೊಂದೇ ಕಾರಣವೆನ್ನಬಹುದಾದವು 61. ರೋಗಿಯನ್ನು ಕರೆತಂದ ಪೊಲೀಸನಿಗೆ ಕಾರಣ ತಿಳಿಯದಿದ್ದರೂ ಕಾಗದದ ಕಾಲಂ ತುಂಬಲೇಬೇಕಿತ್ತು. ಗಾಂಜಾ ಎಂದು ಬರೆದರೆ ಯಾರೂ ಮರುಪ್ರಶ್ನೆ ಕೇಳುತ್ತಿರಲಿಲ್ಲ. ಮುಂಬಯಿ ಇಲಾಖೆಯ ಅಂದಿನ ಹುಚ್ಚಾಸ್ಪತ್ರೆಗಳಲ್ಲಿ ಧಾರವಾಡದ್ದೂ ಒಂದು. ಇಂದಿನ ಡಿಮ್ಹಾನ್ಸ್ ಮಾನಸಿಕ ಆರೋಗ್ಯ ಸಂಸ್ಥೆಯ ಮೂಲ ಅದೇ. ಮಿತವಾಗಿ ಬಳಸಿದರೆ ಹೇಳಿಕೊಳ್ಳುವಂಥ ಕೇಡಿಲ್ಲ, ಅತಿಯಾದರೆ ಕೇಡುಂಟು, ಪೂರ್ತಿ ನಿಷೇಧ ಬೇಡ, ಸುಂಕ ಮತ್ತು ಪರವಾನಗಿಯ ಹಿಡಿತ ಸಾಕು ಎಂಬುದು ಆಯೋಗದ ತೀರ್ಮಾನ. ಗಾಂಜಾದ ಪರವಾಗಿ ವಾದಿಸುವವರು ಇಂದಿಗೂ ಈ ವರದಿಯನ್ನು ಮುಂದಿಡುತ್ತಾರೆ. ಆ ಆಯೋಗ ತೂಗಿ ನೋಡಿದ್ದು ಭಂಗಿ, ಗಾಂಜಾ, ಚರಸ್‌ಗಳನ್ನು, ಇಂದಿನ ಎಣ್ಣೆಯನ್ನಲ್ಲ.

ಸ್ವಾತಂತ್ರ್ಯಾನಂತರ ಗಾಳಿ ಬದಲಾಯಿತು. 1949ರ ಮುಂಬಯಿ ಪಾನನಿರೋಧ ಕಾಯ್ದೆ ಹೆಂಡದ ಜೊತೆ ಗಾಂಜಾವನ್ನೂ ಕಟ್ಟಿಹಾಕಿತು. 1956ರ ನವೆಂಬರ್ 1ರಂದು ಬೆಳಗಾವಿ ಮೈಸೂರು ರಾಜ್ಯಕ್ಕೆ ಸೇರಿತು. 1961ರ ವಿಶ್ವಸಂಸ್ಥೆಯ ಮಾದಕವಸ್ತು ಒಪ್ಪಂದ ಗಾಂಜಾದ ವೈದ್ಯಕೀಯೇತರ ಬಳಕೆಯನ್ನು 25 ವರ್ಷಗಳೊಳಗೆ ನಿಲ್ಲಿಸಬೇಕೆಂದಿತು. ಆದರೆ ಹೂವಿಲ್ಲದ ಬರೀ ಎಲೆಯನ್ನು ಅದು ತನ್ನ ವ್ಯಾಖ್ಯೆಯಿಂದ ಹೊರಗಿಟ್ಟಿತು. ಹೋಳಿ, ಶಿವರಾತ್ರಿಯ ಭಂಗಿ ಆ ಕಿಂಡಿಯಿಂದ ಪಾರಾಯಿತು. 1985ರ ನವೆಂಬರ್ 14ರಂದು ಜಾರಿಗೆ ಬಂದ ಮಾದಕ ದ್ರವ್ಯ ಮತ್ತು ಮನೋಪರಿಣಾಮಿ ವಸ್ತುಗಳ ಕಾಯ್ದೆ ಅದೇ ವ್ಯಾಖ್ಯೆಯನ್ನು ಅನುಸರಿಸಿತು. ಜನ ಇದನ್ನು ಎನ್‌ಡಿಪಿಎಸ್ ಕಾಯ್ದೆ ಎಂದೇ ಕರೆಯುತ್ತಾರೆ.

ಎಣ್ಣೆ

ಈ ಕಾಯ್ದೆಯ ವ್ಯಾಖ್ಯೆಯಲ್ಲಿ ಚರಸ್ ಎಂದರೆ ಬೇರ್ಪಡಿಸಿದ ಅಂಟು, ಕಚ್ಚಾ ಇರಲಿ ಶುದ್ಧ ಇರಲಿ. ಹಶೀಶ್ ಎಣ್ಣೆ ಅಥವಾ ದ್ರವ ಹಶೀಶ್ ಎಂಬ ಸಾಂದ್ರ ರೂಪವನ್ನೂ ಕಾನೂನು ಅಲ್ಲೇ ಹೆಸರಿಟ್ಟು ಸೇರಿಸಿದೆ. ಎಂದರೆ ಎಣ್ಣೆ ಹಾಕಿದ ತಿನಿಸು ಕಾನೂನಿನ ಕಣ್ಣಲ್ಲಿ ಭಂಗಿಯ ತಮ್ಮನಲ್ಲ, ಚರಸ್ಸಿನ ಮಗ.

ಆಲ್ಕೋಹಾಲ್, ಬ್ಯೂಟೇನ್ ಅನಿಲ ಅಥವಾ ಒತ್ತಡದಲ್ಲಿಟ್ಟ ಇಂಗಾಲದ ಡೈಆಕ್ಸೈಡ್ ಬಳಸಿ ಗಿಡದ ಅಂಟನ್ನು ಕರಗಿಸಿ, ಆಮೇಲೆ ದ್ರಾವಕವನ್ನು ಹಾರಿಸಿದಾಗ ಉಳಿಯುವ ಗಟ್ಟಿ ದ್ರವವೇ ಈ ಎಣ್ಣೆ. ಹೂವಿನಲ್ಲಿ ಟಿಎಚ್‌ಸಿ ನೂರಕ್ಕೆ 20ರ ಆಸುಪಾಸು ಮುಟ್ಟಿದರೆ ಅದೇ ಬಲವಾದ ಸರಕು. ಎಣ್ಣೆಯಲ್ಲಿ ಅದು ನೂರಕ್ಕೆ 60ರಿಂದ 90ರವರೆಗೆ ಹೋಗುತ್ತದೆ. ಪರವಾನಗಿ ಪಡೆದ ಕಾರ್ಖಾನೆಗಳಲ್ಲಿ ಇದು ಕಾವಲಿನ ಕೆಲಸ. ಅಡುಗೆಮನೆಯಲ್ಲಿ ಮಾಡಹೊರಟವರಿಂದ ಅಮೆರಿಕದಲ್ಲಿ ಮನೆಗಳೇ ಸ್ಫೋಟಗೊಂಡು ಸುಟ್ಟಿವೆ. ಬ್ಯೂಟೇನ್ ಗಾಳಿಗಿಂತ ಭಾರವಾದ್ದರಿಂದ ನೆಲದ ಮೇಲೆ ಹರಡಿಕೊಳ್ಳುತ್ತದೆ. ಫ್ರಿಜ್ಜಿನ ಕಿಡಿಯೊಂದು ಸಾಕು. ದ್ರಾವಕದ ಉಳಿಕೆಯೂ ಹೊಲದ ಕೀಟನಾಶಕವೂ ಸಾರದ ಜೊತೆಗೇ ಗಟ್ಟಿಯಾಗುತ್ತವೆ. 2019–20ರಲ್ಲಿ ಅಮೆರಿಕದಲ್ಲಿ, ಹೆಚ್ಚಾಗಿ ಎಣ್ಣೆ ತುಂಬಿದ ವೇಪ್‌ಗಳನ್ನು ಸೇದಿದ 2,800ಕ್ಕೂ ಹೆಚ್ಚು ಜನ ಶ್ವಾಸಕೋಶದ ಕಾಯಿಲೆಯಿಂದ ಆಸ್ಪತ್ರೆ ಸೇರಿದರು, 2020ರ ಫೆಬ್ರವರಿ ಹೊತ್ತಿಗೆ 68 ಮಂದಿ ತೀರಿಕೊಂಡರು. ಎಣ್ಣೆಯನ್ನು ತೆಳುವಾಗಿಸಲು ಬೆರೆಸಿದ್ದ ವಿಟಮಿನ್ ಇ ಅಸಿಟೇಟ್ ಮುಖ್ಯ ಆರೋಪಿಯಾಗಿ ಸಿಕ್ಕಿತು. ಕಳ್ಳ ಸರಕಿನಲ್ಲಿ ಏನೇನು ಬೆರೆತಿದೆ ಎಂಬುದು ಬೆರೆಸಿದವನಿಗಷ್ಟೇ ಗೊತ್ತು.

ಮನೆಯಲ್ಲಿ ಮಾಡಿದ ತಿನಿಸಿನ ದೊಡ್ಡ ದೋಷ ಸಾಂದ್ರತೆಯೊಂದೇ ಅಲ್ಲ, ಹಂಚಿಕೆ. ಜಿಗುಟಾದ ಎಣ್ಣೆ ಹಿಟ್ಟಿನಲ್ಲಿ ಸಮನಾಗಿ ಕಲೆಯುವುದಿಲ್ಲ. ಒಂದೇ ತಾಟಿನ ಒಂದು ತುಂಡಿನಲ್ಲಿ ಏನೂ ಇಲ್ಲದಿರಬಹುದು, ಪಕ್ಕದ ತುಂಡಿನಲ್ಲಿ ನಾಲ್ಕು ಜನರ ಪಾಲು ಕೂಡಿರಬಹುದು. ಕಾನೂನು ಒಪ್ಪಿದ ದೇಶಗಳೂ ಇದಕ್ಕೆ ಹೆದರಿವೆ. ಕೆನಡಾದಲ್ಲಿ ತಿನಿಸಿನ ಒಂದು ಪೊಟ್ಟಣದಲ್ಲಿ 10 ಮಿಲಿಗ್ರಾಂಗಿಂತ ಹೆಚ್ಚು ಟಿಎಚ್‌ಸಿ ಇರಕೂಡದು. ಗಟ್ಟಿ ಎಣ್ಣೆಯ ಒಂದು ಗ್ರಾಮಿನಲ್ಲಿ ಅಂಥ 60 ಪೊಟ್ಟಣಕ್ಕಾಗುವಷ್ಟೋ ಅದಕ್ಕೂ ಹೆಚ್ಚೋ ಇರುತ್ತದೆ.

ಹೊಟ್ಟೆಗೆ ಹೋದ ಮೇಲೆ

ಸೇದಿದ ಗಾಂಜಾ ಕೆಲವೇ ನಿಮಿಷಗಳಲ್ಲಿ ತಲೆಗೇರುತ್ತದೆ. ಸೇದುವವನಿಗೆ ಎಲ್ಲಿ ನಿಲ್ಲಿಸಬೇಕೆಂಬುದು ತಿಳಿಯುತ್ತದೆ. ತಿಂದದ್ದು ಹಾಗಲ್ಲ. ಅರ್ಧ ತಾಸಿನಿಂದ ಎರಡು ತಾಸಿನವರೆಗೆ ಏನೂ ಅನಿಸದೇ ಇರಬಹುದು. ಯಕೃತ್ತು ಟಿಎಚ್‌ಸಿಯ ಒಂದು ಪಾಲನ್ನು ಇನ್ನೊಂದು ರೂಪಕ್ಕೆ ತಿರುಗಿಸುತ್ತದೆ. ಆ ರೂಪವೂ ಮಿದುಳಿಗೆ ಸಲೀಸಾಗಿ ಮುಟ್ಟಿ ಅಮಲೇರಿಸುತ್ತದೆ. ಪರಿಣಾಮ ಆರೆಂಟು ತಾಸು, ಕೆಲವರಲ್ಲಿ ಅದಕ್ಕೂ ಹೆಚ್ಚು ಉಳಿಯುತ್ತದೆ. ಅನಾಹುತಗಳ ಹಿಂದೆ ಸಾಮಾನ್ಯವಾಗಿ ಇರುವ ಕತೆ ಒಂದೇ: ಮೊದಲ ತುಂಡು ‘ಹತ್ತಲಿಲ್ಲ’ ಎಂದು ಎರಡನೆಯದನ್ನು ತಿಂದದ್ದು, ಆಮೇಲೆ ಎರಡೂ ಕೂಡಿ ಹತ್ತಿದ್ದು.

ಹೆಚ್ಚಾದಾಗ ಎದೆ ಡವಡವ ಹೊಡೆದುಕೊಳ್ಳುತ್ತದೆ, ವಾಂತಿ ಬರುತ್ತದೆ, ಕೈಕಾಲು ಹಿಡಿತಕ್ಕೆ ಸಿಗುವುದಿಲ್ಲ, ಸತ್ತೇಹೋಗುತ್ತೇನೆಂಬ ಭಯ ಹುಟ್ಟುತ್ತದೆ. ಕೆಲವರಿಗೆ ಇಲ್ಲದ್ದು ಕಾಣುತ್ತದೆ, ಇಲ್ಲದ್ದು ಕೇಳುತ್ತದೆ. ಉಸಿರಾಟವನ್ನು ನಡೆಸುವ ಮಿದುಳಿನ ಭಾಗದಲ್ಲಿ ಗಾಂಜಾ ಗ್ರಾಹಕಗಳು ಕಡಿಮೆ ಇರುವುದರಿಂದ ದೊಡ್ಡವರು ಅಫೀಮಿನಲ್ಲಾಗುವಂತೆ ಉಸಿರು ನಿಂತು ಸಾಯುವುದು ಅಪರೂಪ. ಹೃದಯರೋಗ ಇದ್ದವರಿಗೆ, ಗರ್ಭಿಣಿಯರಿಗೆ, ಮನೆತನದಲ್ಲಿ ಸ್ಕಿಜೋಫ್ರೇನಿಯಾ ಇದ್ದವರಿಗೆ, ಇಪ್ಪತ್ತೈದರೊಳಗಿನ ಹುಡುಗ ಹುಡುಗಿಯರಿಗೆ ಅಪಾಯ ಬೇರೆ ಮಟ್ಟದ್ದು. ಟಿಎಚ್‌ಸಿ ಹೆಚ್ಚಿರುವ ಸರಕನ್ನು ದಿನಾಲು ಬಳಸುವವರಲ್ಲಿ ಮನೋವಿಕಾರದ ಸಾಧ್ಯತೆ ಹೆಚ್ಚೆಂಬುದನ್ನು ಈಚಿನ ಅಧ್ಯಯನಗಳು ಗಟ್ಟಿಯಾಗಿ ಹೇಳುತ್ತಿವೆ. 1893ರ ಆಯೋಗದ ಸಮಾಧಾನ ಇಲ್ಲಿ ಉಪಯೋಗಕ್ಕೆ ಬರುವುದಿಲ್ಲ.

ಮಕ್ಕಳ ವಿಷಯವೇ ಬೇರೆ. ಮಗುವಿಗೆ ಚಾಕೊಲೇಟ್ ಚಾಕೊಲೇಟೇ. ಆರು ವರ್ಷದೊಳಗಿನ ಮಕ್ಕಳು ಗಾಂಜಾ ತಿನಿಸು ತಿಂದ ಪ್ರಕರಣಗಳು ಅಮೆರಿಕದ ವಿಷಮಾಹಿತಿ ಕೇಂದ್ರಗಳಲ್ಲಿ 2017ರಲ್ಲಿ 207 ದಾಖಲಾಗಿದ್ದವು, 2021ರಲ್ಲಿ 3,054. ಅವುಗಳಲ್ಲಿ ಹೆಚ್ಚಿನವು ಮನೆಯಲ್ಲೇ ನಡೆದವು. ಚಿಕ್ಕ ಮಕ್ಕಳಲ್ಲಿ ಗಾಢ ಮಂಪರು, ಕೋಮಾ, ಉಸಿರಾಟ ಕುಗ್ಗುವುದು ಎಲ್ಲವೂ ಸಾಧ್ಯ. ಇಂಥ ಸಂದರ್ಭದಲ್ಲಿ ವಾಂತಿ ಮಾಡಿಸುವುದು, ಮಜ್ಜಿಗೆ ನಿಂಬೆರಸ ಕುಡಿಸುವುದು ತಪ್ಪು. ಮಂಪರಿನಲ್ಲಿರುವ ಮಗುವಿನ ಗಂಟಲಿಗೆ ಅದು ಸಿಕ್ಕಿಕೊಳ್ಳಬಹುದು. 108ಕ್ಕೆ ಕರೆ ಮಾಡಿ, ಮಗುವನ್ನು ಮಗ್ಗುಲಾಗಿ ಮಲಗಿಸಿ, ತಿಂದದ್ದೇನೆಂದು ವೈದ್ಯರಿಗೆ ಮುಚ್ಚಿಡದೆ ಹೇಳಬೇಕು. ಉಳಿದ ತುಂಡು ಅಥವಾ ಹೊದಿಕೆಯನ್ನು ಜೊತೆಗೆ ಒಯ್ಯಬೇಕು. ಮರ್ಯಾದೆಗೆ ಹೆದರಿ ಸುಳ್ಳು ಹೇಳಿದರೆ, ವೈದ್ಯರು ಮಿದುಳುಜ್ವರವೋ ಹಾವಿನ ಕಡಿತವೋ ಎಂದು ಹುಡುಕುತ್ತ ಹೊತ್ತು ಕಳೆಯಬೇಕಾಗುತ್ತದೆ.

ಇಂದಿನ ಕಾನೂನು

ಎನ್‌ಡಿಪಿಎಸ್ ಕಾಯ್ದೆಯ ವ್ಯಾಖ್ಯೆಯಲ್ಲಿ ‘ತಯಾರಿಕೆ’ ಎಂದರೆ ಕಾರ್ಖಾನೆ ಹಾಕುವುದಷ್ಟೇ ಅಲ್ಲ. ಮಾದಕ ದ್ರವ್ಯ ಇರುವ ಯಾವುದೇ ಮಿಶ್ರಣವನ್ನು, ವೈದ್ಯರ ಚೀಟಿಯ ಮೇಲೆ ಔಷಧಾಲಯದಲ್ಲಿ ಮಾಡುವುದನ್ನು ಬಿಟ್ಟು, ಬೇರೆಲ್ಲಿ ಮಾಡಿದರೂ ಅದು ತಯಾರಿಕೆ. ಒಲೆಯ ಮುಂದೆ ನಿಂತು ಒಂದು ತಾಟು ಬರ್ಫಿಗೆ ಎಣ್ಣೆ ಬೆರೆಸಿದವನೂ ಈ ಮಾತಿನೊಳಗೆ ಬರುತ್ತಾನೆ. ಗೊತ್ತಿದ್ದೂ ತನ್ನ ಮನೆಯನ್ನೋ ವಾಹನವನ್ನೋ ಇದಕ್ಕೆ ಬಿಟ್ಟುಕೊಟ್ಟವನಿಗೆ 25ನೆಯ ಕಲಮಿದೆ.

ಶಿಕ್ಷೆ ತೂಕದ ಮೇಲೆ ನಿಲ್ಲುತ್ತದೆ. ಗಾಂಜಾಕ್ಕೆ 1 ಕಿಲೋವರೆಗೆ ಅಲ್ಪ ಪ್ರಮಾಣ, 20 ಕಿಲೋ ಮೇಲ್ಪಟ್ಟರೆ ವಾಣಿಜ್ಯ ಪ್ರಮಾಣ. ಚರಸ್ಸಿಗೆ ಈ ಅಂಕಿಗಳು 100 ಗ್ರಾಂ ಮತ್ತು 1 ಕಿಲೋ. ಅಲ್ಪ ಪ್ರಮಾಣಕ್ಕೆ 1 ವರ್ಷದವರೆಗೆ ಸಜೆ ಅಥವಾ 10,000 ರೂಪಾಯಿವರೆಗೆ ದಂಡ ಅಥವಾ ಎರಡೂ. ನಡುವಿನದಕ್ಕೆ 10 ವರ್ಷದವರೆಗೆ. ವಾಣಿಜ್ಯ ಪ್ರಮಾಣಕ್ಕೆ ಕನಿಷ್ಠ 10, ಗರಿಷ್ಠ 20 ವರ್ಷ. ತಿನಿಸಿನ ವಿಷಯದಲ್ಲಿ ಇಲ್ಲೊಂದು ಗಂಟು ಬೀಳುತ್ತದೆ. ತೂಗಬೇಕಾದದ್ದು ಒಳಗಿನ ಎಣ್ಣೆಯನ್ನೋ ಇಡೀ ಸಿಹಿಯನ್ನೋ? 2020ರ ಏಪ್ರಿಲ್‌ನಲ್ಲಿ ಹೀರಾ ಸಿಂಗ್ ಪ್ರಕರಣದ ತೀರ್ಪಿನಲ್ಲಿ ಸುಪ್ರೀಂ ಕೋರ್ಟು, ಮಾದಕವಸ್ತುವಿನ ಜೊತೆ ಬೆರೆತ ತಟಸ್ಥ ಪದಾರ್ಥದ ತೂಕವನ್ನೂ ಲೆಕ್ಕಕ್ಕೆ ಹಿಡಿಯಬೇಕೆಂದಿತು. ಆ ತರ್ಕವನ್ನು ತಿನಿಸಿಗೆ ಹಚ್ಚಿದರೆ ಹಿಟ್ಟು, ಸಕ್ಕರೆ, ಬೆಣ್ಣೆಯೂ ಚರಸ್ಸಿನ ತಕ್ಕಡಿ ಏರುತ್ತವೆ. 2021ರಲ್ಲಿ ಕೇಂದ್ರದ ಮಾದಕವಸ್ತು ನಿಯಂತ್ರಣ ದಳ ಮುಂಬಯಿಯ ಮನೆಯೊಂದರಲ್ಲಿ ಹಶೀಶ್ ಬೆರೆತ ಬ್ರೌನಿಗಳನ್ನು ಹಿಡಿದಾಗ, ಸುದ್ದಿಯಲ್ಲಿ ಬಂದ ಸುಮಾರು 10 ಕಿಲೋ ಎಂಬ ಅಂಕಿ ಬ್ರೌನಿಯದೇ ತೂಕವಾಗಿತ್ತು. ಸೇವನೆಗಷ್ಟೇ ಸಿಕ್ಕಿಬಿದ್ದವರಿಗೆ 27ನೆಯ ಕಲಮಿನಲ್ಲಿ 6 ತಿಂಗಳವರೆಗಿನ ಸಜೆ ಅಥವಾ ದಂಡವಿದೆ. ಚಿಕಿತ್ಸೆಗೆ ತಾನಾಗಿ ಮುಂದೆ ಬಂದ ವ್ಯಸನಿಗೆ 64ಎ ಕಲಮು ವಿಚಾರಣೆಯಿಂದ ರಕ್ಷಣೆ ಕೊಡಬಲ್ಲದು. ಇದನ್ನು ಬಲ್ಲವರು ಕಡಿಮೆ, ಬಳಸಿಕೊಂಡವರು ಇನ್ನೂ ಕಡಿಮೆ. ವ್ಯಸನಮುಕ್ತಿಯ ರಾಷ್ಟ್ರೀಯ ಸಹಾಯವಾಣಿ 14446.

ಭಂಗಿಯ ಸ್ಥಿತಿ ಇದಕ್ಕಿಂತ ಭಿನ್ನ. 2022ರ ಆಗಸ್ಟ್‌ನಲ್ಲಿ ಕರ್ನಾಟಕ ಹೈಕೋರ್ಟಿನ ನ್ಯಾಯಮೂರ್ತಿ ಕೆ. ನಟರಾಜನ್ ಅವರ ಮುಂದೆ, 29 ಕಿಲೋ ಭಂಗಿ ಮತ್ತು 400 ಗ್ರಾಂ ಗಾಂಜಾ ಸಿಕ್ಕಿದ್ದ ಆರೋಪಿಯೊಬ್ಬನ ಜಾಮೀನು ಅರ್ಜಿ ಬಂತು. ಭಂಗಿಯನ್ನು ಎನ್‌ಡಿಪಿಎಸ್ ಕಾಯ್ದೆ ಎಲ್ಲೂ ನಿಷೇಧಿತ ಪಾನೀಯ ಅಥವಾ ದ್ರವ್ಯವೆಂದು ಹೇಳಿಲ್ಲ, ಅದು ಚರಸ್ ಅಥವಾ ಗಾಂಜಾದಿಂದ ಆದದ್ದೆಂಬುದಕ್ಕೆ ಆಧಾರವೂ ಇಲ್ಲ ಎಂದು ನ್ಯಾಯಾಲಯ ಜಾಮೀನು ಕೊಟ್ಟಿತು. ‘ಭಂಗಿ ಕಾನೂನುಬದ್ಧ’ ಎಂದು ಮರುದಿನದ ತಲೆಬರಹಗಳು ಕೂಗಿದವು. ಅದು ಅವಸರದ ಓದು. ಜಾಮೀನಿನ ಆದೇಶ ಪರವಾನಗಿ ಪತ್ರವಲ್ಲ. ಅಮಲಿನ ಪದಾರ್ಥಗಳ ಮಾರಾಟವನ್ನು ರಾಜ್ಯದ 1965ರ ಅಬಕಾರಿ ಕಾಯ್ದೆ ಬೇರೆಯಾಗಿ ನಿಯಂತ್ರಿಸುತ್ತದೆ. ಉತ್ತರ ಭಾರತದ ಕೆಲವು ರಾಜ್ಯಗಳಲ್ಲಿರುವಂಥ ಸರಕಾರಿ ಪರವಾನಗಿಯ ಭಂಗಿ ಅಂಗಡಿ ನಮ್ಮ ಕಡೆ ಕಾಣುವುದಿಲ್ಲ. ಮರುವರ್ಷ, 2023ರಲ್ಲಿ, ಮಂಗಳೂರಿನ ಅಂಗಡಿಗಳಲ್ಲಿ ಮಾರುತ್ತಿದ್ದ ಭಂಗಿ ಚಾಕೊಲೇಟುಗಳನ್ನು ಪೊಲೀಸರು ಹಿಡಿದು ಪರೀಕ್ಷೆಗೆ ಕಳಿಸಿದರು. ಹೊದಿಕೆಯ ಮೇಲೆ ಭಂಗಿ ಎಂದಿದ್ದರೂ ಒಳಗೆ ಹೂವಿನ ಅಥವಾ ಅಂಟಿನ ಅಂಶ ಕಂಡರೆ ಪ್ರಕರಣದ ಹಾದಿಯೇ ಬದಲಾಗುತ್ತದೆ. ಎಲೆ ಎಲ್ಲಿ ಮುಗಿಯಿತು, ಹೂ ಎಲ್ಲಿ ಶುರುವಾಯಿತು ಎಂಬುದು ಪ್ರಯೋಗಾಲಯದ ವರದಿ ಬರುವವರೆಗೆ ಮಾರುವವನಿಗೂ ತಿಳಿದಿರುವುದಿಲ್ಲ.

ಬಳಕೆಯ ವ್ಯಾಪ್ತಿಯನ್ನು ತಿಳಿಸುವ ಅಂಕಿಗಳಲ್ಲೂ ಇದೇ ಗೆರೆ ಕಾಣುತ್ತದೆ. ಕೇಂದ್ರ ಸಾಮಾಜಿಕ ನ್ಯಾಯ ಸಚಿವಾಲಯಕ್ಕಾಗಿ ದೆಹಲಿಯ ಏಮ್ಸ್ ನಡೆಸಿ 2019ರಲ್ಲಿ ಪ್ರಕಟಿಸಿದ ಸಮೀಕ್ಷೆಯಂತೆ, 10ರಿಂದ 75 ವರ್ಷದ ಭಾರತೀಯರಲ್ಲಿ ಸುಮಾರು 3.1 ಕೋಟಿ ಜನ ಹಿಂದಿನ ಒಂದು ವರ್ಷದಲ್ಲಿ ಗಾಂಜಾ ಗಿಡದ ಯಾವುದಾದರೊಂದು ರೂಪವನ್ನು ಬಳಸಿದ್ದರು. ಭಂಗಿ ಬಳಸಿದವರು ಸುಮಾರು 2.2 ಕೋಟಿ, ನಿಷೇಧಿತ ಗಾಂಜಾ ಮತ್ತು ಚರಸ್ ಬಳಸಿದವರು 1.3 ಕೋಟಿ. ಚಟವಾಗಿ ಹಿಡಿದುಕೊಳ್ಳುವ ಪ್ರಮಾಣ ಎರಡನೆಯ ಗುಂಪಿನಲ್ಲೇ ಹೆಚ್ಚು.

ಔಷಧದ ಎಣ್ಣೆ, ಬೀಜದ ಎಣ್ಣೆ

ಎಣ್ಣೆ ಎಂಬ ಹೆಸರಿನಲ್ಲಿ ಇನ್ನೆರಡು ಪದಾರ್ಥಗಳಿವೆ. ಅವನ್ನು ಹಶೀಶ್ ಎಣ್ಣೆಯೊಡನೆ ಕಲಸಬಾರದು. ವಿಜಯಾ ಎಲೆಯ ಸಾರದ ಎಣ್ಣೆಗಳನ್ನು ಆಯುಷ್ ಪರವಾನಗಿಯಡಿ ತಯಾರಿಸಿ ವೈದ್ಯರ ಚೀಟಿಯ ಮೇಲೆ ಮಾರುತ್ತಾರೆ. ಕ್ಯಾನ್ಸರ್ ನೋವು, ನಿದ್ರಾಹೀನತೆಗಳಿಗೆ ಇವನ್ನು ಬರೆದುಕೊಡುವುದುಂಟು. ಕ್ಯಾನ್ಸರನ್ನೇ ವಾಸಿ ಮಾಡುತ್ತದೆ ಎಂಬ ವಾಟ್ಸ್‌ಆಪ್ ಮಾತಿಗೆ ಪುರಾವೆಯಿಲ್ಲ. ಅಪಸ್ಮಾರದ ಕೆಲವು ಅಪರೂಪದ ಬಗೆಗಳಿಗೆ, ಅಮಲೇರಿಸದ ಸಿಬಿಡಿ ಎಂಬ ಅಂಶದಿಂದ ಮಾಡಿದ ಔಷಧವನ್ನು ಅಮೆರಿಕ 2018ರಲ್ಲಿ ಒಪ್ಪಿತು. ಗಾಂಜಾವನ್ನು ಅತ್ಯಂತ ಅಪಾಯಕರ ದ್ರವ್ಯಗಳ ನಾಲ್ಕನೆಯ ಪಟ್ಟಿಯಿಂದ ತೆಗೆಯಲು 2020ರ ಡಿಸೆಂಬರ್ 2ರಂದು ವಿಶ್ವಸಂಸ್ಥೆಯ ಮಾದಕವಸ್ತು ಆಯೋಗ 27–25 ಮತಗಳಿಂದ ನಿರ್ಧರಿಸಿದಾಗ ಭಾರತ ಪರವಾಗಿ ಮತ ಹಾಕಿತ್ತು.

ಎರಡನೆಯದು ಬೀಜದ ಎಣ್ಣೆ. ಗಾಂಜಾ ಗಿಡದ ಬೀಜದಲ್ಲಿ ಅಮಲಿನ ಅಂಶ ಇಲ್ಲವೆನ್ನುವಷ್ಟು ಕಡಿಮೆ. ಕಾಯ್ದೆಯೂ ಬೀಜವನ್ನು ಗಾಂಜಾದ ವ್ಯಾಖ್ಯೆಯಿಂದ ಬಿಟ್ಟಿದೆ. ಉತ್ತರಾಖಂಡದ ಮನೆಗಳಲ್ಲಿ ಹುರಿದ ಬೀಜದ ಚಟ್ನಿ ನಿತ್ಯದ ಊಟದಲ್ಲಿರುತ್ತದೆ, ನಮ್ಮಲ್ಲಿ ಗುರೆಳ್ಳು, ಅಗಸಿ ಚಟ್ನಿ ಇದ್ದ ಹಾಗೆ. ಬೀಜ, ಬೀಜದ ಹಿಟ್ಟು ಮತ್ತು ಬೀಜದ ಎಣ್ಣೆಯನ್ನು ಆಹಾರವಾಗಿ ಮಾರಲು ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರ 2021ರ ನವೆಂಬರ್‌ನಲ್ಲಿ ಅನುಮತಿ ಕೊಟ್ಟಿತು. ಉಳಿಯಬಹುದಾದ ಟಿಎಚ್‌ಸಿಗೆ ಮಿತಿ ಗೊತ್ತುಮಾಡಿ, ಅಮಲು ಬರುತ್ತದೆಂದೋ ರೋಗ ವಾಸಿಯಾಗುತ್ತದೆಂದೋ ಚೀಟಿಯ ಮೇಲೆ ಸೂಚಿಸುವುದನ್ನು, ಗಾಂಜಾ ಎಲೆಯ ಚಿತ್ರ ಹಾಕುವುದನ್ನು ಅದು ನಿಷೇಧಿಸಿದೆ.